ಗ್ರಂಥಾಲಯದ ಮುಂದೆ ಬಿಟ್ಟ ಚಪ್ಪಲಿ

ಅವ್ವಾ,

ಓದು ಬಾರದ ನಿನಗೆ, ನೀನು ಹೋದ ಮೇಲೆ ಬರೆಯುತ್ತಿದ್ದೇನೆ. ಈ ಪರದೇಶದ ಬುಕಿತ್ ಬಾಟೋಕ್‌ನ ನಮ್ಮ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಅನ್ನುವ ತೆರೆದ ನೆಲಮಹಡಿಯಲ್ಲಿ, ಇವತ್ತು ಮಕ್ಕಳಿಗಾಗಿ ಎರಡು ಕಪಾಟು ಕನ್ನಡ ಪುಸ್ತಕ ಇಟ್ಟೆವು. ‘ಗ್ರಂಥಾಲಯ’ ಎಂದು ಬೋರ್ಡು ಬರೆದವಳು ನಾನೇ. ನಮ್ಮ ಬ್ಲಾಕಿನ ಏಳು ವರ್ಷದ ನಿಶ್ಮಿತಾ ಅದನ್ನು ಅಕ್ಷರ ಕೂಡಿಸಿ ಓದಿ, ದೂರದಲ್ಲೇ ನಿಂತು ಶೂ ಬಿಚ್ಚತೊಡಗಿದಳು.

“ಯಾಕೇ ಪುಟ್ಟಿ?”

“ದೇವಾಲಯ, ಗ್ರಂಥಾಲಯ, ಎರಡೂ ಸೇಮ್ ಅಲ್ವಾ ಆಂಟಿ? ಶೂಸ್ ತೆಗೀಬೇಕು ಲಾ,” ಎಂದಳು, ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು ‘ಲಾ’ ಸೇರಿಸಿ.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನಮ್ಮೂರ ಲೈಬ್ರರಿಗೆ ನಾನು ಬರೆದ ಮೊದಲ ಪುಸ್ತಕ ಬಂದಾಗ ಅದನ್ನು ನೋಡಲು ಬಂದ ನೀನೂ ಹೀಗೆಯೇ ಬಾಗಿಲಲ್ಲಿ ಚಪ್ಪಲಿ ಬಿಟ್ಟಿದ್ದೆ. ನಮ್ಮನ್ನು ಗುಡಿಯ ಹೊರಗೆ ನಿಲ್ಲಿಸಿದವರ ಮೇಲಿನ ಸಿಟ್ಟನ್ನೆಲ್ಲ ನಿನ್ನ ಮೇಲೆ ಕಾರಿದೆ. “ಇದೇನು ಗುಡಿಯೇನವ್ವಾ? ಮೆಟ್ಕೊಂಡು ಬಾ,” ಎಂದು ಸಂಘಟನೆಯ ಸಂಗಾತಿಗಳ ಎದುರೇ ಕೂಗಿದೆ. ನೀನು ಮೆಟ್ಟಿಕೊಂಡೆ. ಒಳಗೆ ಬರದೆ ಹಾಗೇ ಮನೆಗೆ ಹೋದೆ. ಆ ಪುಸ್ತಕವನ್ನು ನೀನು ಕೊನೆಗೂ ಕೇಳಲಿಲ್ಲ, ನಾನೂ ತಂದು ಕೈಗಿಡಲಿಲ್ಲ.

ಗುಡಿಗೆ ನಾನು ಇವತ್ತಿಗೂ ಹೋಗುವವಳಲ್ಲ. ಆದರೆ ನಿಶ್ಮಿತಾಳನ್ನು ತಿದ್ದಲಿಲ್ಲ. ಅವಳ ಶೂ ಪಕ್ಕ ನನ್ನ ಚಪ್ಪಲಿ ಬಿಟ್ಟೆ. ನಡುವೆ ಇನ್ನೊಂದು ಜೊತೆ ಚಪ್ಪಲಿಗೆ ಜಾಗ ಉಳಿಸಿದೆ.