ಬರಿದಾಗಿ ಮರಳಿದ ಚೀಲ

ಹನುಮಸಾಗರ
೧೦ ಆಗಸ್ಟ್ ೨೦೨೫, ಭಾನುವಾರ

ಪ್ರೀತಿಯ ಮೆಹಜಬೀನ,

ಗಂಗಾವತಿಯ ಹೊಸ ಶಾಲೆಯಲ್ಲಿ ಮಕ್ಕಳು ನಿನ್ನ ಪಾಠ ಕೇಳುತ್ತಿದ್ದಾರೋ, ಇಲ್ಲ ಹಾಸ್ಟೆಲಿನಲ್ಲಿ ನಾನು ಕೇಳುತ್ತಿದ್ದ ಹಾಗೆ ಅರ್ಧ ನಿದ್ದೆಯಲ್ಲಿ ಕೇಳುತ್ತಿದ್ದಾರೋ? ಫೋನು ಮಾಡಬಹುದಿತ್ತು. ನಿನ್ನ ದನಿ ಕೇಳಿದರೆ ಈ ಮಾತು ನನ್ನ ಬಾಯಿಂದ ಹೊರಡುವುದಿಲ್ಲ ಎಂದು ಬರೆಯುತ್ತಿದ್ದೇನೆ.

ಇಲ್ಲಿಯ ಗ್ರಂಥಾಲಯಕ್ಕೆ ನಾನು ಕೆಲಸಕ್ಕೆ ಸೇರಿದ್ದು ನಿನಗೆ ಗೊತ್ತು. ಇನ್ನೂ ಓದಲು ಬಾರದ ಪುಟ್ಟ ಮಕ್ಕಳಿಗಾಗಿ ಆಟದ ಚೀಲ ಮಾಡಿದ್ದನ್ನು ಹೇಳಿರಲಿಲ್ಲ. ಒಂದೊಂದಕ್ಕೆ ಒಂದೊಂದು ವಿಷಯ: ಸಂತೆ ಚೀಲ, ಮಳೆ ಚೀಲ, ಹಕ್ಕಿ ಚೀಲ. ಹಕ್ಕಿ ಚೀಲದೊಳಗೆ ಒಂದು ಚಿತ್ರಪುಸ್ತಕ, ಬಟ್ಟೆಯ ಗುಬ್ಬಿ, ಗೂಡು ಕಟ್ಟಲು ತೆಂಗಿನ ನಾರು, ಜೋಡಿ ಹೊಂದಿಸುವ ಹಕ್ಕಿ ಚಿತ್ರಗಳು. ಚಿತ್ರಗಳನ್ನು ಹಳೆಯ ಲಗ್ನಪತ್ರಿಕೆಗಳ ರಟ್ಟಿನಲ್ಲಿ ಕತ್ತರಿಸಿದ್ದೇನೆ. ನವಿಲನ್ನು ತಿರುಗಿಸಿದರೆ ಬೆನ್ನ ಮೇಲೆ 'ಚಿ. ಹನುಮೇಶ' ಎಂದಿದೆ, ನೀನು ನೋಡಿದರೆ ನಗುತ್ತೀ. ಮಗು ಶನಿವಾರ ಚೀಲ ಒಯ್ಯುತ್ತದೆ, ಮುಂದಿನ ಶನಿವಾರ ಅದನ್ನು ಕೊಟ್ಟು ಬೇರೆಯದನ್ನು ಒಯ್ಯುತ್ತದೆ.

ಒಂದು ಸಂಗತಿ ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ. ನಮ್ಮ ಕಡೆ, ಬೇರೆಯವರ ಮನೆಯಿಂದ ಬಂದ ಪಾತ್ರೆಯನ್ನು ಯಾರೂ ಬರಿದಾಗಿ ಮರಳಿಸುವುದಿಲ್ಲವಲ್ಲ, ಚೀಲಕ್ಕೂ ಹಾಗೇ ಆಯಿತು. ಗ್ಯಾನಪ್ಪನವರ ಮೊಮ್ಮಗ ತಂದ ಮಳೆ ಚೀಲದಲ್ಲಿ ಹುರಿದ ಶೇಂಗಾ ಇದ್ದವು. ಸಂತೆ ಚೀಲದಲ್ಲಿ ಬೆಲ್ಲದ ತುಂಡು. ಕಸ ಗುಡಿಸುವ ಸಣ್ಣವ್ವನನ್ನು ಕರೆದು ತೋರಿಸಿದೆ.

"ಸರ್ಕಾರದ ಚೀಲ ಆದ್ರೇನಾತ್ರಿ, ಬರೇ ಹೆಂಗ ಕಳಸ್ತಾರ? ಸುಮ್ನ ತಿನ್ರಿ ಮೇಡಂ, ನೋಡ್ರಿ ಹೆಂಗ ಒಣಗೀರಿ" ಎಂದಳು. ಇಬ್ಬರೂ ಹಂಚಿಕೊಂಡು ತಿಂದೆವು.

ಮೊಹರಂ ಮುಗಿದ ಶನಿವಾರ ಆಫ್ರೀನ ತಂದ ಹಕ್ಕಿ ಚೀಲದಲ್ಲಿ ಸ್ಟೀಲಿನ ಪುಟ್ಟ ಡಬ್ಬಿ ಇತ್ತು. ಆಫ್ರೀನಳಿಗೆ ಐದು ವರ್ಷ. ಬಸ್‌ಸ್ಟ್ಯಾಂಡಿನ ಹಿಂದೆ ಹೊಲಿಗೆ ಮಾಡುವ ಶಮಾ ಅವರ ಮಗಳು. ಡಬ್ಬಿಯೊಳಗೆ ಬೆಲ್ಲ, ಗಸಗಸೆ ಸವರಿದ ಮೊಹರಂನ ಸಿಹಿ ರೊಟ್ಟಿ ಚೋಂಗೆ, ನಿಮ್ಮ ಅಮ್ಮಿ ಹಾಸ್ಟೆಲಿಗೆ ಕಳಿಸುತ್ತಿದ್ದಂಥದ್ದೇ.

"ಅಮ್ಮಿ ಮಾಡ್ಯಾಳ. ಮ್ಯಾಲಿನ ಗೀರು ನಾನ ಹಾಕೇನಿ" ಎಂದಳು.

ಡಬ್ಬಿಗೆ ಇರುವೆ ಹತ್ತಿದ್ದವು. ಚೋಂಗೆಯನ್ನು ಬಾಗಿಲ ಬಳಿಯ ಕಸದ ಬುಟ್ಟಿಗೆ ಸುರಿದೆ. ಒಳಗೆ ಬಂದು ಮಳೆ ಚೀಲವನ್ನು ಚಾಚಿದಾಗ ಆ ಹುಡುಗಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಸೋಮವಾರ ಗೋಡೆಗೆ ಒಂದು ಚೀಟಿ ಅಂಟಿಸಿದೆ. ಚೀಲದಲ್ಲಿ ತಿನಿಸು ಹಾಕಬಾರದು, ಸಾಮಾನು ಕೆಡುತ್ತವೆ ಎಂದು. ಅಕ್ಷರ ದುಂಡಗೆ ಬಂದಿದ್ದವು. ನಿಯಮ ಎಲ್ಲರಿಗೂ ಒಂದೇ ಎಂದುಕೊಂಡ ಕೂಡಲೇ ಮನಸ್ಸು ಹಗುರಾಯಿತು ನೋಡು, ಈಗ ಅದನ್ನು ನೆನೆದರೆ ಹೆಚ್ಚು ನಾಚಿಕೆಯಾಗುತ್ತದೆ.

ಆಫ್ರೀನ ಬರುವುದನ್ನೇ ಬಿಟ್ಟಳು. ಶನಿವಾರ ಬಂತೆಂದರೆ ನಾನು ಬಾಗಿಲ ಕಡೆಗೇ ನೋಡುತ್ತ ಕೂರುತ್ತಿದ್ದೆ. ಕಡೆಗೆ ಮಳೆ ಚೀಲ ಹಿಡಿದು ನಾನೇ ಅವರ ಮನೆಗೆ ಹೋದೆ. ಶಮಾ ಮಷೀನು ನಿಲ್ಲಿಸಿ, ಕುರ್ಚಿಯ ಮೇಲಿದ್ದ ಬ್ಲೌಸ್‌ಪೀಸುಗಳನ್ನು ಸರಿಸಿ ಕೂರಿಸಿದರು. ಚಹಾ ಬಂತು. ಆಫ್ರೀನ ಪರದೆಯ ಹಿಂದಿದ್ದಳು, ಪಾದಗಳು ಮಾತ್ರ ಕಾಣುತ್ತಿದ್ದವು.

"ಬಾ ಅಂದ್ರ ಒಲ್ಲೆ ಅಂತಾಳ್ರಿ ಮೇಡಂ. ಹಟಮಾರಿ, ಥೇಟ್ ನಮ್ಮ ಅತ್ತಿ" ಎಂದು ಶಮಾ ನಕ್ಕರು.

ನಾನು ಇರುವೆಯ ವಿಷಯ ಹೇಳಿದೆ. ಬಟ್ಟೆ ಮಡಚುತ್ತಿದ್ದ ಅವರ ಕೈ ನಿಂತಿತು.

"ಇರುವಿ ಹತ್ತಿದ್ರ ಒಗೀಬೇಕಲ್ರಿ. ನಾ ಡಬ್ಬಿ ಬಿಗಿ ಮುಚ್ಚಿದ್ನಿ ಅನ್ಕೊಂಡಿದ್ನಿ. ತಪ್ಪು ನಂದ ಇರಬೇಕ, ಮನಸಿಗೆ ಹಚ್ಕೋಬ್ಯಾಡ್ರಿ."

ಅವರೇ ನನ್ನ ಕ್ಷಮೆ ಕೇಳಿದಂತಾಯಿತು. ಚಹಾವನ್ನು ಕೊನೆಯ ಗುಟುಕಿನವರೆಗೂ ಕುಡಿದೆ, ಕುಡಿದರೆ ಲೆಕ್ಕ ಸರಿಹೋಗುತ್ತದೆ ಎಂಬಂತೆ. ಏಳುವಾಗ ಅವರು, "ಚೀಲ ಇಟ್ಟು ಹೋಗ್ರಿ. ಶನಿವಾರ ನಾನ ಕಳಸ್ತೀನಿ" ಎಂದರು.

ನಿನ್ನೆ ಆಫ್ರೀನ ಬಂದಳು! ದೂರದಿಂದಲೇ ಅವಳನ್ನು ಕಂಡು ಎದ್ದು ನಿಂತೆ. ಚೀಲವನ್ನು ಒಗೆದು ಇಸ್ತ್ರಿ ಮಾಡಿದ್ದರು. ಚಿತ್ರಗಳನ್ನು ಜೋಡಿಸಿ ದಾರ ಕಟ್ಟಿದ್ದರು. ಎಲ್ಲವನ್ನೂ ಹೊರಗಿಟ್ಟ ಮೇಲೂ ಒಳಗೆ ಕೈ ಹಾಕಿ ಮೂಲೆಮೂಲೆ ತಡವಿದೆ. ಅವಳು ನನ್ನ ಮುಖ ನೋಡುತ್ತಿದ್ದಳು.

"ಅಮ್ಮಿ ಏನೂ ಹಾಕಿಲ್ರಿ. ನೀವು ಬೈಯೂದಿಲ್ಲಲ್ಲ?" ಎಂದಳು.

ಇಲ್ಲವೆಂದು ತಲೆಯಾಡಿಸಿದೆ. ಅವಳು ಸಂತೆ ಚೀಲ ತೆಗೆದುಕೊಂಡು ಹೋದಳು. ಆಮೇಲೆ ಚೀಟಿ ಕಿತ್ತೆ. ಈಗ ಕಿತ್ತು ಏನು ಬಂತು? ಎಲ್ಲ ಮನೆಗಳ ಚೀಲಗಳೂ ಬರಿದಾಗಿಯೇ ಬರುತ್ತಿವೆ.

ಶಮಾ ಅವರ ಡಬ್ಬಿ ಇನ್ನೂ ನನ್ನ ಬಳಿಯೇ ಇದೆ. ನಾಳೆ ಒಯ್ದು ಕೊಡಬೇಕು. ಖಾಲಿ ಡಬ್ಬಿ ಕೊಡಲು ಮನಸ್ಸು ಬಾರದು, ಅದರಲ್ಲಿ ನನ್ನ ಕೈಯಿಂದ ಏನಾದರೂ ಹಾಕಿಕೊಡಲು ಮುಖವಿಲ್ಲ. ಏನು ಮಾಡಲಿ, ನೀನು ಹೇಳು. ಬೈದರೂ ಸರಿ.

ನಿಮ್ಮ ಅಮ್ಮಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನವಳೇ ಆದ
ನೇತ್ರಾವತಿ

ಮರೆತದ್ದಲ್ಲ, ಬಿಟ್ಟದ್ದು:

ಮೇಲೆ ಬರೆದದ್ದನ್ನು ಓದಿ ನೋಡಿದೆ. ಶಮಾ ಅವರಿಗೆ ಹೇಳಿದ್ದನ್ನೇ ನಿನಗೂ ಹೇಳಿದ್ದೇನೆ. ಇರುವೆ ಇರಲಿಲ್ಲ, ಮೆಹಜಬೀನ. ಮುಚ್ಚಳ ಎಷ್ಟು ಬಿಗಿಯಾಗಿತ್ತೆಂದರೆ ತೆಗೆಯುವಾಗ ನನ್ನ ಉಗುರು ಮುರಿಯಿತು. ಚೀಲ ಒಯ್ಯಲು ಬಂದ ತಾಯಂದಿರು ಎದುರಿನ ಬೆಂಚಿನಲ್ಲಿ ಕುಳಿತಿದ್ದರು. ಡಬ್ಬಿ ಯಾರ ಮನೆಯದೆಂದು ಅವರಿಗೆ ಗೊತ್ತಿತ್ತು. ಯಾರೂ ಮಾತಾಡಲಿಲ್ಲ, ನನ್ನ ಕೈ ನೋಡುತ್ತಿದ್ದರು ಅಷ್ಟೇ. ನಿನ್ನ ಡಬ್ಬಿಯಲ್ಲೇ ಉಂಡು ಬೆಳೆದವಳಿಗೆ ಅವರೆದುರು ಒಂದು ಚೂರು ಮುರಿದು ಬಾಯಿಗಿಡುವ ಧೈರ್ಯ ಬರಲಿಲ್ಲ.

ಅದಾದ ಸ್ವಲ್ಪ ಹೊತ್ತಿಗೇ ಕಾಶಿನಾಥ ಮಾಸ್ತರರ ಮನೆಯ ಚೀಲದಲ್ಲಿ ಶೇಂಗಾ ಉಂಡಿ ಬಂತು. ಅದನ್ನು ತಿಂದೆ, ಅದೇ ಬೆಂಚಿನವರ ಎದುರಿಗೆ. ಆಫ್ರೀನ ಇನ್ನೂ ಮನೆಗೆ ಹೋಗಿರಲಿಲ್ಲ.