ಬೋಳು ಕಾರಿಗೆ ಬಟ್ಟೆ

ಅಪ್ಪನ ಹೊಲಿಗೆ ಕೋಣೆ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ಬೆನ್ನ ತುಂಬ ಗುಳ್ಳೆ ಎದ್ದಿವೆ ಎಂದು ಬರೆದಿದ್ದೆ, ಕಡಿಮೆಯಾಯಿತೇ? ಕೆರೆದುಕೊಳ್ಳಬೇಡ. ಅಪ್ಪ ಗಟ್ಟಿಯಾಗಿದ್ದಾರೆ, ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬಿಬಿಡುತ್ತೀಯ, ಆದ್ದರಿಂದ ಬರೆಯುತ್ತಿಲ್ಲ.

ನೀನು ಕಳಿಸಿದ ಮನುಷ್ಯ, ಅಪರೂಪದ ಕಾರುಗಳನ್ನು ಕೂಡಿಡುವವನು, ಮೊನ್ನೆ ಬಂದಿದ್ದ. ಅಪ್ಪನಿಗೆ ಅವನು ನಿನ್ನ ಸ್ನೇಹಿತ ಎಂದಷ್ಟೇ ಗೊತ್ತು. ನಿನ್ನ ಕಾರಿನ ಮಾರಾಟದ ಮಾತು ನೀನೇ ಹೇಳಬೇಕಾದದ್ದು. ಅವನು ಬಿಳಿ ಕೈಗವಸು ತೊಟ್ಟು ಶೆಡ್ಡಿಗೆ ಹೋದ. ಬಾನೆಟ್ ಎತ್ತಿ ನೋಡುವವರೆಗೂ ಮುಖ ಅರಳಿಯೇ ಇತ್ತು. ಬಾಗಿಲು ತೆರೆದವನು ಅಲ್ಲೇ ನಿಂತ. "ಏನ್ರೀ ಇದು, ಕಾರೋ ಸೋಫಾನೋ?" ಅಪ್ಪ ಅದನ್ನು ಹೊಗಳಿಕೆ ಎಂದುಕೊಂಡು, "ಕೂತು ನೋಡಿ, ಆಮೇಲೆ ಹೇಳಿ" ಎಂದು ಚಹಾ ಮಾಡಲು ಒಳಗೆ ನಡೆದರು. ಅವನು ಕೂತ. ಸೀಟಿನೊಳಗೆ ಅವನ ಭುಜ ಹಿಡಿಯಲಿಲ್ಲ. "ಯಾರ ಅಳತೆಗೆ ಹೊಲಿದಿದ್ದಾರೆ ಇದನ್ನ?" ಎಂದು ಗೊಣಗುತ್ತ ಎದ್ದ.

ಅಪ್ಪ ನಿನ್ನ ಕಾರಿಗೆ ಏನೇನೋ ಹೊಲಿಯುತ್ತಿದ್ದಾರೆ ಎಂದು ಹಿಂದಿನ ಪತ್ರದಲ್ಲೇ ಬರೆದಿದ್ದೆ. ಉತ್ತರವಾಗಿ ನೀನು ಟೈರಿಗೆ ಗಾಳಿ ಹಾಕಿಸು ಎಂದೆ. ಈಗಲಾದರೂ ಪೂರ್ತಿ ಓದು. ಜಪಾನಿನವರು ತೂಕ ಇಳಿಸಲೆಂದೇ ರೇಡಿಯೋ, ಎ.ಸಿ., ನೆಲದ ಹಾಸು ಎಲ್ಲ ಬಿಟ್ಟು, ಗಾಜನ್ನೂ ತೆಳುವಾಗಿಸಿ, ಒಳಗಿನ ಹಿಡಿಕೆಯ ಬದಲು ಕೆಂಪು ಪಟ್ಟಿ ಕಟ್ಟಿ, ಕೆಲವೇ ಕೆಲವು ಕಾರು ಮಾಡಿದರು ಎಂದು ನೀನು ನನಗೆ ಹೇಳಿದ್ದೆ. ಅಪ್ಪನಿಗೆ ಹೇಳಲಿಲ್ಲ. ಅಪ್ಪ ಮಳೆಗಾಲದಲ್ಲಿ ಒಮ್ಮೆ ಒಳಗೆ ಇಣುಕಿದರು. ನನ್ನನ್ನು ಪಕ್ಕಕ್ಕೆ ಕರೆದು, "ಯಾರೋ ನಿಮ್ಮಣ್ಣಂಗೆ ಬೋಳು ಕಾರು ದಾಟಿಸಿದ್ದಾರೆ. ಊರೋರ ಸೀಟೆಲ್ಲ ಹೊಲಿದೋನ ಮಗ ತಗಡಿನ ಮೇಲೆ ಕೂರಬೇಕಾ? ಅವನಿಗೆ ಹೇಳ್ಬೇಡ, ನೊಂದ್ಕೋತಾನೆ" ಎಂದರು. ಅಲ್ಲ ಅಪ್ಪ, ಅದು ಇರುವುದೇ ಹಾಗೆ ಎಂದೆ. "ಅವನೂ ನಿನಗೆ ಹಾಗೇ ಹೇಳಿರ್ತಾನೆ" ಎಂದು ನನ್ನ ಮೇಲೇ ಕನಿಕರಪಟ್ಟರು. ಆಮೇಲೆ ನೆಲಕ್ಕೆ ದಪ್ಪ ಹಾಸು, ಬಾಗಿಲಿಗೆ ಸ್ಪಂಜು, ಮೇಲೆ ಕಂದು ರೆಕ್ಸಿನ್, ಸೂರಿಗೆ ಬಟ್ಟೆ. ಕಾರಿನ ಜೊತೆ ಬಂದ ತೆಳು ಸೀಟುಗಳ ಜಾಗಕ್ಕೆ ಅಪ್ಪ ಹೊಲಿದ ದಪ್ಪ ಸೀಟು ಬಂದು, ಅವು ವರಾಂಡದಲ್ಲಿ ಕುರ್ಚಿಗಳಾಗಿವೆ. ನಿನ್ನ ಮನುಷ್ಯ ಅವುಗಳಲ್ಲೊಂದರ ಮೇಲೆಯೇ ಕೂತು ಚಹಾ ಕುಡಿಯುತ್ತಿದ್ದ. ಗುರುತು ಸಿಕ್ಕಿದ್ದೇ ಚೇಳು ಕಡಿದವನಂತೆ ಎದ್ದ.

ಗೇಟಿನ ಹತ್ತಿರ ನನಗೊಬ್ಬಳಿಗೇ ಹೇಳಿದ: ಎಲ್ಲ ಕಿತ್ತು, ಇದ್ದದ್ದನ್ನು ಇದ್ದ ಹಾಗೆ ಕೂರಿಸಿದರೆ ತಿಂಗಳ ಕೊನೆಗೆ ಒಯ್ಯುತ್ತೇನೆ, ಇಲ್ಲದಿದ್ದರೆ ಬೇರೊಂದನ್ನು ನೋಡಿಟ್ಟಿದ್ದೇನೆ. ಕಾರು ಹೋದರೆ ಹಡಗು ಬಿಟ್ಟು ಮನೆಗೆ ಬರುತ್ತೇನೆ ಎಂದು ನೀನು ಬರೆದಿದ್ದೀಯ. ಕಾರು ಹೋಗಬೇಕಾದರೆ ಅಪ್ಪನ ಕೆಲಸವನ್ನು ಅಪ್ಪನ ಕಣ್ಣೆದುರೇ ಕೀಳಬೇಕು. ಏನೇನು ಇಲ್ಲವೋ ಅದಕ್ಕೇ ಬೆಲೆ, ಈ ಕಾರಿಗೆ. ಇಲ್ಲದಿರುವುದರಿಂದಲೇ ಬೆಲೆ ಬಂದವನು ನಮ್ಮ ಮನೆಯಲ್ಲಿ ಇನ್ನೊಬ್ಬನಿದ್ದಾನೆ. ದಿನವೂ ಅಡುಗೆ ಮಾಡಿ ಬಡಿಸುವವಳ ಬೆಲೆ ಯಾವ ಸಂಗ್ರಾಹಕನಿಗೂ ಹೊಳೆಯುವುದಿಲ್ಲ.

ಅಪ್ಪನಿಗೆ ನೀನೇ ಹೇಳು ಎಂದರೆ "ನೀನು ಹೇಳಿದ್ರೆ ಕೇಳ್ತಾರೆ ಕಣೇ" ಎನ್ನುತ್ತೀಯ. ಅಪ್ಪ "ಅವನಿಗೆ ನೀನೇ ಬರಿ" ಎನ್ನುತ್ತಾರೆ. ಒಬ್ಬರ ಮೂಳೆ ಇನ್ನೊಬ್ಬರಿಗೆ ತಾಗದಂತೆ ನಡುವೆ ತುಂಬಿದ ಸ್ಪಂಜು ನಾನು. ಸ್ಪಂಜಿಗೂ ಆಯುಸ್ಸಿದೆಯಂತೆ, ಅಪ್ಪನದೇ ಮಾತು: ಒತ್ತಿ ಒತ್ತಿ ಕೊನೆಗೊಂದು ದಿನ ಮೇಲೇಳುವುದನ್ನೇ ಮರೆಯುತ್ತದೆ.

ಅಪ್ಪ ಆಶೀರ್ವಾದ ತಿಳಿಸು ಎನ್ನಲಿಲ್ಲ. ನಾನು ಬರೆಯುವುದು ಕಂಡು ಹೊಲಿಗೆ ಯಂತ್ರದ ಸದ್ದು ನಿಲ್ಲಿಸಿದರು. ಅದನ್ನೇ ಆಶೀರ್ವಾದ ಎಂದುಕೋ.

ನಿನ್ನ ತಂಗಿ

ಲಕೋಟೆ ಅಂಟಿಸುವ ಮುಂಚೆ ಇದೊಂದು: ತಡೆಯಲಾರದೆ ಅಪ್ಪನಿಗೆ ಎಲ್ಲ ಹೇಳಿಬಿಟ್ಟೆ, ಮಾರಾಟವನ್ನೂ, ಬಂದವನ ಮಾತನ್ನೂ. ಸೂಜಿಗೆ ಪೋಣಿಸಿದ್ದ ದಾರ ಎಳೆದು ಸುತ್ತಿಟ್ಟರು. ಆಮೇಲೆ, "ಹಾಗಾದ್ರೆ ಅವನು ಮೋಸ ಹೋಗಿರ್ಲಿಲ್ಲ" ಎಂದರು. ನಿರಾಳವಾದವರಂತೆಯೇ ಕಂಡರು. ಕತ್ತರಿ ಹಿಡಿದು ಶೆಡ್ಡಿಗೆ ಹೋಗಿ ಬಾಗಿಲಿನ ಹೊಲಿಗೆ ಬಿಚ್ಚುತ್ತಿದ್ದಾರೆ. ಡ್ರೈವರ್ ಸೀಟು ಮಾತ್ರ ಮುಟ್ಟುತ್ತಿಲ್ಲ. ಅದು ನೀನು ಬಿಟ್ಟುಹೋದ ಅಂಗಿಯ ಬೆನ್ನು ಅಳೆದು ಹೊಲಿದದ್ದು. "ಅವನೊಂದ್ಸಲ ಕೂತು ನೋಡ್ಲಿ, ಆಮೇಲೆ ಕಿತ್ತಾಕ್ತೀನಿ" ಎನ್ನುತ್ತಾರೆ. ಕಾರು ಹೋಗದೆ ನೀನು ಬರುವುದಿಲ್ಲ, ನೀನು ಬರದೆ ಕಾರು ಹೋಗುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗದು ಎಂದಂತೆ. ಆ ಮನುಷ್ಯನಿಗೆ ಫೋನ್ ಮಾಡಿ, ಬೇರೆ ಕಾರು ನೋಡಿಕೊಳ್ಳಿ ಎಂದಿದ್ದೇನೆ. ಬೈಯುವುದಿದ್ದರೆ ಪತ್ರದಲ್ಲಿ ಬೇಡ, ಇಲ್ಲಿಗೆ ಬಂದು ಆ ಸೀಟಿನಲ್ಲಿ ಕೂತು ಬೈ.