ಬೋರಲು ಹಾಕಿದ ಲೋಟ

ಪವಿತ್ರಾ,

ನಮ್ಮ ಎಸ್ಟೇಟಿನ ಆಳುಗಳ ಲೈನ್ ಮನೆ ಬಿಟ್ಟು ಹೋದ ನೀನು ಈಗ ಎಲ್ಲಿದ್ದೀಯೋ ಗೊತ್ತಿಲ್ಲ. ವಿಳಾಸ ಸಿಕ್ಕಿದರೂ ಇದನ್ನು ಕಳಿಸುವ ಧೈರ್ಯ ನನಗಿಲ್ಲ.

ಈ ಬೆಳಿಗ್ಗೆ ಕಾಫಿ ಕಣದಲ್ಲಿ ನನ್ನ ಮಗಳು ಧೃತಿ, ಅಸ್ಸಾಮಿನಿಂದ ಹಣ್ಣು ಕೊಯ್ಯಲು ಬಂದವರ ಮಗಳು ಜೋನಾಲಿಯ ಜೊತೆ ಅಡುಗೆ ಆಟ ಆಡುತ್ತಿದ್ದಳು. ಇಬ್ಬರಿಗೂ ಐದು ವರ್ಷ. ಧೃತಿ ತನಗೆ ಸ್ಟೀಲ್ ಲೋಟದಲ್ಲಿ ನೀರಿನ ಟೀ ಬಗ್ಗಿಸಿಕೊಂಡು, ಅವಳಿಗೆ ಪೇಪರ್ ಕಪ್ಪಿನಲ್ಲಿ ಕೊಟ್ಟಳು.

"ಅವಳಿಗ್ಯಾಕೆ ಅದು?" ಎಂದೆ.

"ಅವ್ರಿಗೆಲ್ಲ ಅದೇ ಅಲ್ವಾ ಅಮ್ಮ? ನೀನೇ ಕೊಡೋದು."

ಹೌದು, ಹತ್ತು ಗಂಟೆಯ ಟೀಗೆ ಕಪ್ಪು ಹಂಚುವವಳು ನಾನೇ. ಆಳುಗಳಿಗೆಂದು ಅವ್ವ ಬೇರೆ ಇಟ್ಟಿದ್ದ, ನೀವೆಲ್ಲ ಕುಡಿದು ತೊಳೆದು ಹಿತ್ತಿಲ ಕಟ್ಟೆಯ ಮೇಲೆ ಬೋರಲು ಹಾಕುತ್ತಿದ್ದ ಲೋಟಗಳನ್ನು ಎಸೆದವಳೂ ನಾನೇ ಎಂಬ ಹೆಮ್ಮೆಯಿತ್ತು. ಆದರೆ ಮನೆಗೆ ಬಂದ ನೆಂಟರಿಗೆ ಒಮ್ಮೆಯೂ ಪೇಪರ್ ಕಪ್ಪು ಕೊಟ್ಟಿಲ್ಲ.

"ಹುಟ್ಟುಗುಣ ಮಾರಾಯ್ತಿ, ಅದನ್ನ ಯಾರಾದ್ರೂ ಕಲಿಸ್ತಾರಾ?" ಎಂದು ಪಕ್ಕದಲ್ಲಿದ್ದ ನನ್ನ ಗಂಡ ಚನ್ನಬಸವ ಮಗಳನ್ನು ನೋಡಿ ನಕ್ಕರು.

ನಾನು ಜೋನಾಲಿಯನ್ನೇ ನೋಡುತ್ತಿದ್ದೆ. ಆಟ ಮುಗಿದ ಮೇಲೆ ಅವಳು, ಯಾರೂ ಹೇಳದೆ, ಆ ಕಾಗದದ ಕಪ್ಪನ್ನು ನಲ್ಲಿಯಲ್ಲಿ ತೊಳೆದು ನಮ್ಮ ಲೋಟದಿಂದ ದೂರ ಬೋರಲು ಹಾಕಿದಳು.

ಅವಳಿಗೆ ಅದನ್ನು ಯಾರು ಕಲಿಸಿದರೋ ತಿಳಿಯದು. ನಿನಗೆ ಕಲಿಸಿದ್ದು ಯಾರೆಂದು ನನಗೆ ಗೊತ್ತು. ನಮಗಾಗ ಆರು ವರ್ಷ. ಅವತ್ತು ಅವ್ವ ಮನೆಯಲ್ಲಿರಲಿಲ್ಲ; ಹಿತ್ತಿಲಲ್ಲಿದ್ದದ್ದು ನಾವಿಬ್ಬರೇ.